ಒಬ್ಬನೇ ಮನುಷ್ಯ, ಮೂರು ಜನಾಂಗ

ಪಂಜಾಬಿನಿಂದ ಹಡಗು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದ ಒಬ್ಬ ಸಿಖ್ ರೈತನನ್ನು ಊಹಿಸಿಕೊಳ್ಳಿ. 1900ರ ಸುಮಾರಿಗೆ ಹುಟ್ಟಿದವನು ಅಂತಿಟ್ಟುಕೊಳ್ಳೋಣ. 1930ರ ಅಮೆರಿಕದ ಜನಗಣತಿಯಲ್ಲಿ ಅವನ ಜನಾಂಗ ‘ಹಿಂದೂ’. ಪೇಟ ಕಟ್ಟಿದ ಸಿಖ್ಖನಾದರೂ ಅಷ್ಟೇ, ನಮಾಜು ಮಾಡುವ ಮುಸ್ಲಿಮನಾದರೂ ಅಷ್ಟೇ. ಭಾರತದಿಂದ ಬಂದವರೆಲ್ಲ ಅಲ್ಲಿಯ ಲೆಕ್ಕಕ್ಕೆ ಹಿಂದೂಗಳು. 1970ರ ಹೊತ್ತಿಗೆ ಅವನು ಎಪ್ಪತ್ತರ ಮುದುಕ. ಆ ಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಜೊತೆ ಸೇರಿಸಿದರು. ಇನ್ನೂ ಹತ್ತು ವರ್ಷ ಗಟ್ಟಿಮುಟ್ಟಾಗಿ ಇದ್ದಿದ್ದರೆ 1980ರ ಗಣತಿ ಫಾರಂನಲ್ಲಿ ಅವನಿಗಾಗಿಯೇ ಟಿಕ್ ಹಾಕಲು ಹೊಸದೊಂದು ಚೌಕ ಬಂದಿತ್ತು: ‘ಏಷ್ಯನ್ ಇಂಡಿಯನ್’. ಮನುಷ್ಯ ಅವನೇ, ಹೊಲವೂ ಅದೇ.

ಇದು ಬರೀ ಕಾಗದದ ತಮಾಷೆ ಆಗಿರಲಿಲ್ಲ. ಆಗಿನ ಕಾನೂನಿನ ಪ್ರಕಾರ, ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. 1922ರಲ್ಲಿ ಜಪಾನಿನ ಒಬ್ಬರು ಕೇಳಿದಾಗ ಅಲ್ಲಿಯ ಸುಪ್ರೀಂ ಕೋರ್ಟು, ಬಿಳಿಯರೆಂದರೆ ಕಕೇಶಿಯನ್ ಜನಾಂಗದವರು (ಯುರೋಪಿನವರನ್ನೂ ಅವರ ಹತ್ತಿರದವರನ್ನೂ ಸೇರಿಸಿ ಆಗಿನ ವಿಜ್ಞಾನಿಗಳು ಕರೆಯುತ್ತಿದ್ದ ಹೆಸರು), ನೀವಲ್ಲ ಎಂದಿತು. ಮರುವರ್ಷವೇ ಭಗತ್ ಸಿಂಗ್ ತಿಂಡ್ ಅವರ ಮೊಕದ್ದಮೆ ಬಂತು. ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಸಿಖ್ಖರು ಇವರು. ವಿಜ್ಞಾನಿಗಳ ಪ್ರಕಾರ ಉತ್ತರ ಭಾರತದವರೂ ಕಕೇಶಿಯನ್ನರೇ ಅಲ್ವಾ, ಎಂಬುದು ಅವರ ವಾದ. ಅದೇ ಕೋರ್ಟು ಈಗ ರಾಗ ಬದಲಿಸಿತು: ವಿಜ್ಞಾನ ಬೇಡ, ಸಾಮಾನ್ಯ ಜನ ಯಾರನ್ನು ಬಿಳಿಯ ಅಂತಾರೋ ಅವನೇ ಬಿಳಿಯ! ಭಾರತೀಯರಿಗೆ ಅಲ್ಲಿನ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ.

ಅಮೆರಿಕ ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸಲು ಶುರು ಮಾಡಿದ್ದು 1790ರಲ್ಲಿ. ಮೊದಲ ಗಣತಿಯಲ್ಲಿ ಸಿಕ್ಕವರು ಸುಮಾರು 39 ಲಕ್ಷ. ಅದರಲ್ಲಿ ಸುಮಾರು 7 ಲಕ್ಷ ಜನ ಗುಲಾಮರು. ಯಾವ ರಾಜ್ಯಕ್ಕೆ ಎಷ್ಟು ಸಂಸದರು ಎಂದು ಹಂಚುವಾಗ ಐದು ಗುಲಾಮರನ್ನು ಮೂರು ಜನ ಅಂತ ಎಣಿಸಬೇಕೆಂದು ಸಂವಿಧಾನವೇ ಹೇಳಿತ್ತು. ಹಾಗಾಗಿ ಯಾರು ಬಿಳಿಯ, ಯಾರು ಗುಲಾಮ ಎಂದು ಮೊದಲ ದಿನದಿಂದಲೇ ಬರೆದಿಡಬೇಕಾಯಿತು.

ಆಮೇಲೆ ಚೌಕಗಳು ಬರುತ್ತ ಹೋಗುತ್ತ ಇದ್ದವು. 1890ರಲ್ಲಂತೂ ಕಾಲು ಭಾಗ ಕಪ್ಪು ರಕ್ತ ಇದ್ದವರಿಗೆ ಒಂದು ಹೆಸರು, ಎಂಟರಲ್ಲೊಂದು ಭಾಗ ಇದ್ದವರಿಗೆ ಇನ್ನೊಂದು ಹೆಸರು. ಬಾಗಿಲಲ್ಲಿ ನಿಂತ ಗಣತಿದಾರ ಮುಖ ನೋಡಿ ಮುತ್ತಜ್ಜನ ಬಣ್ಣ ಹೇಳಬೇಕಿತ್ತು, ಪಾಪ. 1930ರಲ್ಲಿ ಆ ಗೋಜೂ ಬೇಡವೆಂದು, ಬಿಳಿ ಮತ್ತು ಕಪ್ಪು ರಕ್ತ ಬೆರೆತಿದ್ದರೆ ಕಪ್ಪಿನ ಪಾಲು ಎಷ್ಟೇ ಕಡಿಮೆ ಇರಲಿ, ಕಪ್ಪು ಅಂತಲೇ ಬರೆಯಿರಿ ಎಂದು ಸೂಚನೆ ಕೊಟ್ಟರು. ಅದೇ ವರ್ಷ ‘ಮೆಕ್ಸಿಕನ್’ ಎಂಬ ಹೊಸ ಜನಾಂಗ ಹುಟ್ಟಿತು. ಮುಂದಿನ ಗಣತಿಗೆ ಅದು ಮಾಯ!

ದೊಡ್ಡ ತಿರುವು ಬಂದದ್ದು 1960ರಲ್ಲಿ. ಆಗಿನಿಂದ ಗಣತಿದಾರ ಮುಖ ನೋಡಿ ಬರೆಯುವ ಪದ್ಧತಿ ಹಿಂದೆ ಸರಿಯಿತು, ಜನ ತಾವೇ ಫಾರಂ ತುಂಬತೊಡಗಿದರು. 2000ರಲ್ಲಿ ಒಂದಕ್ಕಿಂತ ಜಾಸ್ತಿ ಚೌಕಕ್ಕೆ ಟಿಕ್ ಹಾಕಬಹುದು ಎಂದರು. ಅಪ್ಪ ಕಪ್ಪು, ಅಮ್ಮ ಬಿಳಿ ಆಗಿದ್ದವರು ಅಲ್ಲಿವರೆಗೆ ಇಬ್ಬರಲ್ಲಿ ಒಬ್ಬರನ್ನು ಬಿಡಬೇಕಿತ್ತು.

ಈಗ 2020ಕ್ಕೆ ಬರೋಣ. ಒಟ್ಟು ಜನ 33.14 ಕೋಟಿ. ಹತ್ತು ವರ್ಷದಲ್ಲಿ ‘ಬಿಳಿ ಮಾತ್ರ’ ಎಂದವರು 22.36 ಕೋಟಿಯಿಂದ 20.43 ಕೋಟಿಗೆ ಇಳಿದರು. ಎರಡು ಅಥವಾ ಹೆಚ್ಚು ಜನಾಂಗ ಬರೆದವರು 90 ಲಕ್ಷದಿಂದ 3.38 ಕೋಟಿಗೆ ಹಾರಿದರು. ಇಷ್ಟು ಮಿಶ್ರ ಮಕ್ಕಳು ಒಂದೇ ದಶಕದಲ್ಲಿ ಹುಟ್ಟಿದರೇ? ಲೆಕ್ಕ ಹಾಕಿದರೂ ಕೂಡುವುದಿಲ್ಲ.

ಗುಟ್ಟು ಫಾರಂನಲ್ಲಿದೆ. ಈ ಸಲ ಬಿಳಿ ಮತ್ತು ಕಪ್ಪು ಚೌಕಗಳ ಕೆಳಗೂ ನಿಮ್ಮ ಮೂಲ ಬರೆಯಿರಿ ಎಂದು ಜಾಗ ಕೊಟ್ಟಿದ್ದರು. ಹಿಂದೆ ಬರೆದದ್ದರಲ್ಲಿ ಮೊದಲ 30 ಅಕ್ಷರಗಳನ್ನಷ್ಟೇ ಓದುತ್ತಿದ್ದರು, ಈಗ 200. ‘ಬಿಳಿ’ ಎಂದು ಟಿಕ್ ಹಾಕಿ ಕೆಳಗೆ ಲ್ಯಾಟಿನ್ ಅಮೆರಿಕದ ಒಂದು ದೇಶದ ಹೆಸರು ಬರೆದರೆ, ಕಚೇರಿಯವರು ಅದನ್ನು ‘ಬೇರೆ ಜನಾಂಗ’ ಎಂದೂ ಸೇರಿಸಿ ಎರಡು ಮಾಡಿದರು. ಹೊಸ ವಿನ್ಯಾಸಕ್ಕೂ ಈ ಏರಿಕೆಗೂ ಸಂಬಂಧ ಇದೆಯೆಂದು ಗಣತಿ ಇಲಾಖೆಯೇ ಹೇಳಿದೆ. ಆದರೆ ಸುದ್ದಿಯ ತಲೆಬರಹಕ್ಕೆ ಅಂಥ ಅಡಿಟಿಪ್ಪಣಿ ಎಲ್ಲಿ ಹಿಡಿಸುತ್ತದೆ!

ಈ ಗೊಂದಲದ ನಡುವೆ ಹಿಸ್ಪಾನಿಕರು, ಅಂದರೆ ಮೆಕ್ಸಿಕೊ, ಕ್ಯೂಬಾದಂಥ ಸ್ಪ್ಯಾನಿಷ್ ಭಾಷೆಯ ದೇಶಗಳ ಮೂಲದವರು, ಸಿಕ್ಕಿಕೊಂಡಿದ್ದಾರೆ. ಅವರು 6.21 ಕೋಟಿ. 2020ರಲ್ಲಿ ಸರಕಾರಕ್ಕೆ ಅದು ಜನಾಂಗ ಆಗಿರಲಿಲ್ಲ, ಹಾಗಾಗಿ ಅದಕ್ಕೆ ಬೇರೆ ಪ್ರಶ್ನೆ ಇತ್ತು. ಮುಂದಿನ, ಜನಾಂಗದ ಪ್ರಶ್ನೆಯ ಚೌಕಗಳಲ್ಲಿ ತಮ್ಮದು ಕಾಣದೆ ಎಷ್ಟೋ ಜನ ‘ಬೇರೆ’ ಎಂದು ಬರೆದರು. ಹಾಗೆ ಒಂಟಿಯಾಗಿಯೋ ಬೆರಕೆಯಾಗಿಯೋ ‘ಬೇರೆ’ ಆದವರು 4.99 ಕೋಟಿ. ಕಪ್ಪು ಜನರನ್ನೂ (4.69 ಕೋಟಿ) ಹಿಂದಿಕ್ಕಿ ಅದೇ ಎರಡನೇ ದೊಡ್ಡ ಗುಂಪು!

ಹಾಗಂತ ಎಲ್ಲವೂ ಫಾರಂ ಆಟ ಅನ್ನುವಂತಿಲ್ಲ. 1965ರ ವಲಸೆ ಕಾನೂನು ಯುರೋಪಿಗಷ್ಟೇ ಅನುಕೂಲವಾಗಿದ್ದ ಕೋಟಾ ತೆಗೆದ ಮೇಲೆ ಏಷ್ಯಾದವರು ನಿಜಕ್ಕೂ ಬಂದರು. 1980ರಲ್ಲಿ ನಾಲ್ಕು ಲಕ್ಷದೊಳಗಿದ್ದ ಭಾರತೀಯರು 2020ಕ್ಕೆ ಸುಮಾರು 44 ಲಕ್ಷ. ಇವರಲ್ಲಿ ಕನ್ನಡಿಗರೂ ಇದ್ದಾರೆ, ಫಾರಂನಲ್ಲಿ ಅವರೂ ‘ಏಷ್ಯನ್ ಇಂಡಿಯನ್’ರೇ. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ವಯಸ್ಸಿನ ಅಂಕಿ. ಹಿಸ್ಪಾನಿಕ್ ಅಲ್ಲದ, ‘ಬಿಳಿ ಮಾತ್ರ’ ಎಂದವರು ಒಟ್ಟು ಜನಸಂಖ್ಯೆಯಲ್ಲಿ ಶೇ. 57.8. 18 ವರ್ಷದೊಳಗಿನವರಲ್ಲಿ ಮಾತ್ರ ನೋಡಿದರೆ ಶೇ. 47.3. ಈ ಅಂತರ ಬರೀ ಕಾಗದದ್ದಲ್ಲ. ಮುದುಕರಲ್ಲಿ ಬಿಳಿಯರು ಜಾಸ್ತಿ, ಶಾಲೆಯ ಬೆಂಚಿನಲ್ಲಿ ಎಲ್ಲರೂ ಕಲಸಿಕೊಂಡಿದ್ದಾರೆ.

2024ರಲ್ಲಿ ಸರಕಾರ ನಿಯಮವನ್ನು ಮತ್ತೆ ಬದಲಿಸಿತು. ಅದರಂತೆ ನಡೆದರೆ 2030ರಲ್ಲಿ ಹಿಸ್ಪಾನಿಕ್ ಪ್ರಶ್ನೆಯೂ ಜನಾಂಗದ ಪ್ರಶ್ನೆಯೂ ಒಂದಾಗುತ್ತವೆ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಸ್ವಂತ ಚೌಕ ಸಿಗುತ್ತದೆ. 2020ರಲ್ಲಿ ಆ ಮೂಲ ಬರೆದವರು ಸುಮಾರು 35 ಲಕ್ಷ. ಲೆಬನಾನಿನವರು, ಇರಾನಿಯರು, ಈಜಿಪ್ಟಿನವರು ಇಲ್ಲಿಯವರೆಗೆ ಬಿಳಿಯರ ಲೆಕ್ಕದಲ್ಲಿದ್ದರು. ಅವರು ಹೊಸ ಚೌಕವೊಂದಕ್ಕೇ ಟಿಕ್ ಹಾಕಿದರೆ, ಒಬ್ಬ ಬಿಳಿಯನೂ ಸಾಯದೆ, ಒಬ್ಬನೂ ದೇಶ ಬಿಡದೆ, ‘ಬಿಳಿ ಮಾತ್ರ’ ಎನ್ನುವವರು ಲಕ್ಷಗಟ್ಟಲೆ ಕಡಿಮೆಯಾಗುತ್ತಾರೆ.