ಗುದದ ಆಪರೇಷನ್ ಆದ ಮೇಲೆ ಸೋರಿಕೆ: ಬಟ್ಟೆಯ ಕಲೆ ನೋಡಿ ಕಾರಣ ತಿಳಿಯುವುದು

ಸರ್ಜರಿ ವಾರ್ಡಿಗೆ ಹೋಗಲಿರುವ ನರ್ಸಿಂಗ್ ಗೆಳೆಯರಿಗಾಗಿ ಈ ಟಿಪ್ಪಣಿ. ಮೂಲವ್ಯಾಧಿ, ಫಿಶರ್ (ಗುದದ ಬಿರುಕು), ಫಿಸ್ಟುಲಾ (ಗುದನಾಳದಿಂದ ಪಕ್ಕದ ಚರ್ಮಕ್ಕೆ ತೆರೆಯುವ ಸುರಂಗದಂಥ ಹುಣ್ಣು) ಆಪರೇಷನ್ ಆದವರಿಗೆ ಬಾಯಿಬಿಟ್ಟು ಹೇಳಲಾಗದ ಒಂದು ತೊಂದರೆ ಇರುತ್ತದೆ. ಬಟ್ಟೆ ಒದ್ದೆಯಾಗುವುದು, ಕಲೆಯಾಗುವುದು. "ಮೋಷನ್ ಸರಿಯಾಗಿ ಆಗ್ತಿದೆಯಾ?" ಅಂದರೆ "ಹ್ಞೂಂ ಸಿಸ್ಟರ್" ಅಂದು ಮುಖ ತಿರುಗಿಸುತ್ತಾರೆ. ನನ್ನ ಪೋಸ್ಟಿಂಗ್‌ನಲ್ಲಿ ಒಬ್ಬ ಹಿರಿಯರು ಮೂರು ದಿನ ಹೀಗೇ ಅಂದರು. ನಾಲ್ಕನೇ ದಿನ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, "ದಿನಕ್ಕೆ ನಾಲ್ಕು ಪಂಚೆ ಒಗೀತಿದ್ದೀನಿ ಕಣಮ್ಮ" ಅಂದರು. ಅವತ್ತಿನಿಂದ ನಾನು ಕೇಳುವ ರೀತಿ ಬದಲಾಯಿತು. "ಬಟ್ಟೆಗೆ ಏನಾದ್ರೂ ಅಂಟುತ್ತಾ? ಯಾವ ಬಣ್ಣ? ಟಾಯ್ಲೆಟ್‌ಗೆ ಹೋಗಿ ಬಂದ ಮೇಲಾ, ಸುಮ್ನೆ ಕೂತಾಗಲೂ ಆಗುತ್ತಾ?"

ಮೊದಲು ಒಳಗಿನ ಕೆಲಸ ತಿಳಿಯೋಣ. ಗುದನಾಳ ಸುಮಾರು 3–4 ಸೆಂಟಿಮೀಟರ್ ಉದ್ದ. ಅದರ ಸುತ್ತ ಬಳೆಯಂತೆ ಎರಡು ಸ್ನಾಯುಗಳಿವೆ. ಒಳಬಳೆ ನಮ್ಮ ಮಾತು ಕೇಳುವುದಿಲ್ಲ, ನಿದ್ದೆಯಲ್ಲೂ ತಾನೇ ಬಿಗಿಯಾಗಿರುತ್ತದೆ. ಸುಮ್ಮನಿದ್ದಾಗ ಬಾಗಿಲು ಮುಚ್ಚಿಡುವ ಬಲದಲ್ಲಿ ಹೆಚ್ಚಿನ ಪಾಲು ಇದರದೇ. ಹೊರಬಳೆ ನಮ್ಮ ಹಿಡಿತದಲ್ಲಿದೆ. ನಾಲ್ಕು ಜನರ ನಡುವೆ ಹೂಸು ತಡೆದುಕೊಳ್ಳುವಾಗ ಬಿಗಿಯುವುದು ಇದನ್ನೇ. ಹಾಗಾಗಿ ಗೊತ್ತೇ ಆಗದೆ ಜಿನುಗಿದರೆ ಒಳಬಳೆಯ ಮೇಲೆ ಅನುಮಾನ ಪಡಬೇಕು. ಅವಸರವಾಗಿ, ಟಾಯ್ಲೆಟ್ ಮುಟ್ಟುವಷ್ಟರಲ್ಲಿ ಆಗಿಬಿಟ್ಟರೆ ಹೊರಬಳೆಯ ಮೇಲೆ.

ಫಿಶರ್‌ಗೆ ಮಾಡುವ ಆಪರೇಷನ್ನಿನಲ್ಲಿ ಕತ್ತರಿಸುವುದು ಒಳಬಳೆಯ ಸ್ವಲ್ಪ ಭಾಗವನ್ನೇ. ದಕ್ಷಿಣ ಆಫ್ರಿಕಾದ ಐಸೆನ್‌ಹ್ಯಾಮರ್ 1951ರಲ್ಲಿ ಇದನ್ನು ವಿವರಿಸಿದರು. ಆಗ ಹಿಂಭಾಗದ ನಡುವೆ ಕತ್ತರಿಸುತ್ತಿದ್ದರು. ಗಾಯ ಮಾಗಿದ ಮೇಲೆ ಅಲ್ಲಿ ಬೀಗದ ಕಂಡಿಯಂಥ ಒಂದು ತಗ್ಗು ಉಳಿಯುತ್ತಿತ್ತು. ಅದರ ಮೂಲಕವೇ ಮಲ ಜಿನುಗುತ್ತಿತ್ತು. ಆಮೇಲೆ ನೋಟರಾಸ್ 1969ರಲ್ಲಿ ಪಕ್ಕದಲ್ಲಿ ಕತ್ತರಿಸುವ ವಿಧಾನ ಪ್ರಕಟಿಸಿದರು. ಈಗ ಬಳಕೆಯಲ್ಲಿರುವುದು ಅದೇ. ಸೋರಿಕೆಯೇ ಆಪರೇಷನ್ ರೀತಿಯನ್ನು ಬದಲಿಸಿತು ಅನ್ನುವುದು ನನಗೆ ಮರೆಯಲಾಗದ ವಿಷಯ.

ಈಗ ಕಲೆಗೆ ಬರೋಣ. ತೆಳು ಹಳದಿ ಅಥವಾ ನಸುಗೆಂಪು ನೀರಾದರೆ ಅದು ಗಾಯದ ರಸ, ಮಲವಲ್ಲ. ಫಿಸ್ಟುಲಾ ಸೀಳಿ ತೆರೆದು ಬಿಟ್ಟ ಗಾಯ ತಳದಿಂದ ತುಂಬಿಕೊಂಡು ಬರಬೇಕು, ಅದಕ್ಕೆ ವಾರಗಳೇ ಬೇಕು. ಅಲ್ಲಿಯವರೆಗೆ ರಸ ಬರುತ್ತದೆ ಅಂತ ಮೊದಲೇ ಹೇಳಿಟ್ಟರೆ ಅರ್ಧ ಭಯ ಹೋಗುತ್ತದೆ. ಎಣ್ಣೆಯಂಥ ಕಲೆ ಕಂಡರೆ ಔಷಧಿಯ ಚೀಟಿ ನೋಡಿ. ಮಲ ಸಡಿಲ ಮಾಡಲು ಕೊಡುವ, ಲಿಕ್ವಿಡ್ ಪ್ಯಾರಾಫಿನ್ ಎಂಬ ಎಣ್ಣೆ ಇರುವ ಸಿರಪ್ ಜಾಸ್ತಿಯಾದರೆ ಆ ಎಣ್ಣೆಯೇ ಹೊರಗೆ ಜಿನುಗುತ್ತದೆ. ಟಾಯ್ಲೆಟ್‌ನಿಂದ ಬಂದ ಅರ್ಧ ಗಂಟೆಯಲ್ಲಿ ಕಂದು ಗೆರೆ ಕಂಡರೆ, ಒಳಗೆ ಉಳಿದ ಮೆತ್ತನೆ ಮಲ ಇಳಿದಿದೆ ಅಂತ.

ಎಲ್ಲಕ್ಕಿಂತ ಮೋಸ ಮಾಡುವುದು ನೀರುನೀರಾದ ಮಲ. ನೋವಿನ ಭಯಕ್ಕೆ ರೋಗಿ ತಡೆದುಕೊಳ್ಳುತ್ತಾರೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಕರುಳನ್ನು ನಿಧಾನ ಮಾಡುತ್ತದೆ. ಒಳಗೆ ಗಟ್ಟಿ ಮಲ ಕಟ್ಟಿಕೊಳ್ಳುತ್ತದೆ. ಅದರ ಪಕ್ಕದಿಂದ ನೀರಿನಂಥದ್ದು ಮಾತ್ರ ನುಸುಳಿ ಬರುತ್ತದೆ. ನೋಡಿದವರು ಭೇದಿ ಅಂದುಕೊಂಡು ಅದನ್ನು ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಕೊಟ್ಟರೆ ಕಟ್ಟು ಇನ್ನಷ್ಟು ಗಟ್ಟಿ! ನಾನು ಹೇಳಿದ ಹಿರಿಯರಿಗೆ ಆಗಿದ್ದು ಇದೇ. ಸೋರಿಕೆ ಶುರುವಾಗುವ ಮುಂಚೆ ಐದು ದಿನ ಅವರಿಗೆ ಮೋಷನ್ನೇ ಆಗಿರಲಿಲ್ಲ. ಡಾಕ್ಟರ್ ಮಲಬದ್ಧತೆಗೆ ಚಿಕಿತ್ಸೆ ಕೊಟ್ಟ ಮೇಲೆ ಪಂಚೆ ಒಗೆಯುವ ಕೆಲಸ ನಿಂತಿತು. ಆದ್ದರಿಂದ "ಸರಿಯಾಗಿ, ಗಟ್ಟಿಯಾಗಿ ಆಗಿದ್ದು ಯಾವಾಗ?" ಅಂತ ತಪ್ಪದೇ ಕೇಳಿ.

ಇನ್ನು ಸ್ವಚ್ಛತೆ. ಇಲ್ಲಿ ಅತಿ ಮಾಡುವವರೇ ಜಾಸ್ತಿ. ನೀರಿಗೆ ಡೆಟಾಲ್ ಸುರಿಯುತ್ತಾರೆ, ಸೋಪು ಹಾಕಿ ಉಜ್ಜುತ್ತಾರೆ. ಚರ್ಮ ಸಹಜವಾಗಿ ಸ್ವಲ್ಪ ಆಮ್ಲೀಯ. ಮಲದ ಒದ್ದೆ ಮತ್ತು ಅದರ ಕಿಣ್ವಗಳು ಆ ಕಾಪನ್ನು ಮೊದಲೇ ಕೆಡಿಸಿರುತ್ತವೆ. ಮೇಲೆ ಸೋಪೂ ಬಿದ್ದರೆ ಉರಿ, ಸಿಪ್ಪೆ ಏಳುವುದು. ಬರೀ ಉಗುರುಬೆಚ್ಚಗಿನ ನೀರು ಸಾಕು. ಟಬ್ಬಿನಲ್ಲಿ 10–15 ನಿಮಿಷ, ದಿನಕ್ಕೆ ಎರಡು ಮೂರು ಸಲ, ಮೋಷನ್ ಆದ ಮೇಲೆ ಒಂದು ಸಲ ಕೂರಬೇಕು. ಟಾಯ್ಲೆಟ್ ಪೈಪಿನ ನೀರನ್ನು ಜೋರಾಗಿ ಗಾಯಕ್ಕೆ ಹೊಡೆಯಬಾರದು, ಚೊಂಬಿನಿಂದ ಮೆಲ್ಲಗೆ ಸುರಿದುಕೊಳ್ಳಬೇಕು. ಆಮೇಲೆ ಹಳೆಯ ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಬೇಕು, ಉಜ್ಜಬಾರದು. ಎರಡು ನಿಮಿಷ ಫ್ಯಾನ್ ಗಾಳಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ಸುತ್ತಲಿನ ಚರ್ಮಕ್ಕೆ ತೆಳುವಾಗಿ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಬಹುದು. ಡಾಕ್ಟರ್ ಹೇಳದೆ ತೆರೆದ ಗಾಯದೊಳಗೆ ಬೇಡ. ಮುಂದಿನ ಸಲ ಮುಲಾಮಿನ ಕೊಳೆಯಾದ ಮೇಲ್ಪದರ ಮಾತ್ರ ಒರೆಸಿ. ಪೂರ್ತಿ ಕೆರೆದು ತೆಗೆಯಲು ಹೋದರೆ ಚರ್ಮವೇ ಕಿತ್ತು ಬರುತ್ತದೆ. ಪೌಡರ್ ಬೇಡ, ಒದ್ದೆಯಲ್ಲಿ ಮುದ್ದೆಯಾಗುತ್ತದೆ.

ಸ್ವಲ್ಪ ಜಿನುಗಿಗೆ ಮಡಿಸಿದ ಗಾಜ್ ಬಟ್ಟೆ ಸಾಕು, ಒದ್ದೆಯಾದ ಕೂಡಲೇ ಬದಲಿಸಬೇಕು. ಗಂಡಸರೂ ಪ್ಯಾಡ್ ಬಳಸಬಹುದು ಅಂತ ನಾವೇ ಸಂಕೋಚ ಬಿಟ್ಟು ಹೇಳಬೇಕು. ಅವರಾಗಿ ಕೇಳುವುದಿಲ್ಲ.

ಊಟದಲ್ಲಿ ಗುರಿ ಒಂದೇ: ಮಲ ಮೆತ್ತಗಿರಬೇಕು, ಆದರೆ ಒಂದೇ ತುಂಡಾಗಿ ಬರಬೇಕು. ಮುದ್ದೆ, ಸೊಪ್ಪಿನ ಸಾರು, ಬೇಯಿಸಿದ ತರಕಾರಿ ಒಗ್ಗುತ್ತವೆ. ಇಸಬ್ಗೋಲ್ ನೀರು ಹೀರಿ ಹಿಡಿದುಕೊಳ್ಳುವುದರಿಂದ ಗಟ್ಟಿಗೂ ತೆಳುವಿಗೂ ಉಪಯೋಗ. ಒಂದು ದೊಡ್ಡ ಲೋಟ ನೀರಿನ ಜೊತೆಯೇ ಕೊಡಿ. ಕಾಫಿ, ಖಾರ ಕೆಲವರಿಗೆ ಅವಸರ ತರುತ್ತವೆ.

ಅಮೆರಿಕದ ಆರ್ನಾಲ್ಡ್ ಕೀಗೆಲ್ 1948ರಲ್ಲಿ ಪ್ರಕಟಿಸಿದ ಸ್ನಾಯು ವ್ಯಾಯಾಮ ಹೊರಬಳೆಗೆ ಬಲ ಕೊಡುತ್ತದೆ. ಗಾಯ ಮಾಗಿ, ಡಾಕ್ಟರ್ ಒಪ್ಪಿದ ಮೇಲಷ್ಟೇ ಶುರು. ಹೂಸು ತಡೆದಂತೆ ಬಿಗಿದು, ಐದು ಎಣಿಸಿ, ಪೂರ್ತಿ ಸಡಿಲ ಬಿಡುವುದು. ಉಸಿರು ಕಟ್ಟಬಾರದು, ತೊಡೆ ಬಿಗಿಯಬಾರದು. ಫಲ ಕಾಣಲು ತಿಂಗಳುಗಳೇ ಬೇಕಾಗಬಹುದು.

ಫಿಶರ್ ಆಪರೇಷನ್ ಆದ ಮೊದಲ ಕೆಲವು ವಾರ ಗ್ಯಾಸ್ ತಡೆಯಲು ಕಷ್ಟವಾಗಬಹುದು, ಹೆಚ್ಚಿನವರಿಗೆ ಅದು ಕಡಿಮೆಯಾಗುತ್ತದೆ. ಆದರೆ ಜ್ವರ, ದಿನದಿನಕ್ಕೆ ಏರುವ ನೋವು, ಹೊಸ ಊತ, ನಾರುವ ಕೀವು, ಮೂತ್ರ ಕಟ್ಟುವುದು, ಗಡ್ಡೆಗಡ್ಡೆಯಾಗಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಡಾಕ್ಟರಿಗೆ ತಿಳಿಸಬೇಕು. ಗಾಯ ಪೂರ್ತಿ ಮಾಗಿದ ಮೇಲೂ ಮಲ ಸೋರುತ್ತಿದ್ದರೆ ಮತ್ತೆ ಸರ್ಜನ್ ಹತ್ತಿರ ಕಳಿಸಿ. ಹೋಗುವಾಗ ಒಂದು ವಾರದ ಲೆಕ್ಕ ಬರೆದು ಒಯ್ಯಲು ಹೇಳಿ: ಎಷ್ಟು ಸಲ ಆಯಿತು, ಯಾವ ಹೊತ್ತಿಗೆ, ಯಾವ ಬಣ್ಣ, ಗೊತ್ತಾಗಿ ಆಯಿತಾ, ಗೊತ್ತಾಗದೆ ಆಯಿತಾ.