ಎಡಕ್ಕೆ ತಿರುಗದ ಪ್ಯಾಕ್‌ಮ್ಯಾನ್

ಹಳೆಯ ವಿಡಿಯೋ ಗೇಮ್ ಮೆಷಿನ್‌ನಲ್ಲಿ ಪ್ಯಾಕ್‌ಮ್ಯಾನ್ ಎಡಕ್ಕೆ ತಿರುಗುತ್ತಿಲ್ಲ ಅಂದರೆ, ಮೊದಲು ಅನುಮಾನ ಪಡಬೇಕಾದದ್ದು ಜಾಯ್‌ಸ್ಟಿಕ್ ಒಳಗಿನ ಪುಟ್ಟ ಭಾಗಗಳನ್ನು. ಮುಂಬಯಿಯ ಮಾಟುಂಗದಲ್ಲಿ ನನ್ನ ಗೆಳೆಯರೊಬ್ಬರು ವಿಡಿಯೋ ಗೇಮ್ ಪಾರ್ಲರ್ ಕಾಲದ ಒಂದು ಮೆಷಿನ್ ಉಳಿಸಿಕೊಂಡಿದ್ದಾರೆ. ಸ್ಟಿಕ್ ಪೂರ್ತಿ ಬದಲಿಸಿಬಿಡಿ ಅಂತ ನೋಡಿದವರೆಲ್ಲ ಹೇಳಿದ್ದರು. ನಾನು ಬೇಡ ಅಂದೆ.

ಸ್ಟಿಕ್ ಅಂದರೆ ಒಂದು ಉಕ್ಕಿನ ಕಡ್ಡಿ. ನಡುವೆ ಅದು ಆಡುವ ಪಿವಟ್, ನೆಟ್ಟಗೆ ನಿಲ್ಲಿಸುವ ಸ್ಪ್ರಿಂಗ್, ಕೆಳತುದಿಯಲ್ಲಿ ಸ್ವಿಚ್ ಒತ್ತುವ ಆಕ್ಚುಯೇಟರ್ ಅನ್ನುವ ಪ್ಲಾಸ್ಟಿಕ್ ತುಂಡು, ಸುತ್ತ ನಾಲ್ಕು ಸ್ವಿಚ್. ಹಿಡಿಯನ್ನು ಎಡಕ್ಕೆ ತಳ್ಳಿದರೆ ಕೆಳತುದಿ ಬಲಕ್ಕೆ ಹೋಗುತ್ತದೆ. ಅಂದರೆ 'ಎಡ'ದ ಸ್ವಿಚ್ ಇರುವುದು ಬಲಗಡೆ! ಇದು ಗೊತ್ತಿಲ್ಲದೆ ಸರಿಯಿರುವ ಸ್ವಿಚ್ಚನ್ನೇ ಕಿತ್ತುಹಾಕುವವರಿದ್ದಾರೆ.

ಆಕ್ಚುಯೇಟರ್ ಅರ್ಧ ಮಿಲಿಮೀಟರ್ ಸವೆದರೆ ಏನು ಮಹಾ ಅನ್ನಿಸಬಹುದು. ಪಿವಟ್‌ನಿಂದ ಮೇಲೆ 60 ಮಿ.ಮೀ., ಕೆಳಗೆ 20 ಮಿ.ಮೀ. ಇದೆ ಅಂದುಕೊಳ್ಳಿ. ಆಗ ಕೆಳಗಿನ ಅರ್ಧ ಮಿಲಿಮೀಟರ್ ಸವೆತ ಕೈಗೆ ಒಂದೂವರೆ ಮಿಲಿಮೀಟರ್ ಸಡಿಲವಾಗಿ ಸಿಗುತ್ತದೆ. ಪಿವಟ್ ಕೂಡ ಸಡಿಲವಾಗಿದ್ದರೆ ಇನ್ನೂ ಜಾಸ್ತಿ. ಸ್ಟಿಕ್ಕಿನ ಬುಡದಲ್ಲಿ ಪ್ಲಾಸ್ಟಿಕ್ ಪುಡಿ ಕಂಡರೆ ಅದು ಈ ಸವೆತದ್ದೇ.

ಇನ್ನು ಸ್ವಿಚ್. ನನಗೆ ತುಂಬ ಇಷ್ಟವಾದ ವಿಷಯ ಇದು. ಪ್ಯಾಕ್‌ಮ್ಯಾನ್ ಬಂದ 1980ರ ಸುಮಾರಿನ ಅನೇಕ ಮೆಷಿನ್‌ಗಳಲ್ಲಿ ಇದ್ದದ್ದು ಲೀಫ್ ಸ್ವಿಚ್: ಬಾಗುವ ಎರಡು ಲೋಹದ ಪಟ್ಟಿ, ತುದಿಯಲ್ಲಿ ಒಂದಕ್ಕೊಂದು ಮುಟ್ಟಿ ಕರೆಂಟ್ ಹರಿಸುವ ಎರಡು ಲೋಹದ ಚುಕ್ಕೆ. ಆಮೇಲೆ 'ಟಕ್' ಅನ್ನುವ ಮೈಕ್ರೋಸ್ವಿಚ್ ಜಾಸ್ತಿಯಾಯಿತು. ಅದನ್ನು ಅಮೆರಿಕದ ಮೆಕ್‌ಗಾಲ್ ಎಂಬವರು 1932ರಲ್ಲೇ ಕಂಡುಹಿಡಿದಿದ್ದರು. ನಿಧಾನವಾಗಿ ಒತ್ತಿದರೂ ಒಳಗಿನ ಸ್ಪ್ರಿಂಗ್ ಒಂದು ಹಂತ ದಾಟಿದ ಕೂಡಲೇ ಪಟ್ಟನೆ ಹಾರಿ ಕೂರುತ್ತದೆ.

ಮುಂಬಯಿಯ ಗಾಳಿ ಈ ಚುಕ್ಕೆಗಳಿಗೆ ಆಗಿಬರುವುದಿಲ್ಲ. ಮಳೆಗಾಲದ ತೇವ, ಸಮುದ್ರದ ಉಪ್ಪು, ಖಾಡಿ (ಸಮುದ್ರದ ಹಿನ್ನೀರು) ಮತ್ತು ನಾಲೆಗಳ ಬದಿಯ ಗಂಧಕದ ಅನಿಲ ಎಲ್ಲ ಸೇರುತ್ತವೆ. ದೇವರಮನೆಯ ಬೆಳ್ಳಿ ದೀಪ ಕಪ್ಪಾಗುವ ಹಾಗೆಯೇ ಬೆಳ್ಳಿಯ ಚುಕ್ಕೆಯೂ ಕಪ್ಪಾಗುತ್ತದೆ. ಹೆಚ್ಚು ಕರೆಂಟ್ ಹರಿಯುವ ಕಡೆ ಸಣ್ಣ ಕಿಡಿ ಹಾರಿ ಆ ಪದರ ಸುಟ್ಟುಹೋಗುತ್ತದೆ. ಗೇಮ್ ಬೋರ್ಡಿನಲ್ಲಿ ಇರುವುದು ಬರೀ 5 ವೋಲ್ಟ್, ಕೆಲವೇ ಮಿಲಿಆಂಪಿಯರ್. ಕಿಡಿಯೇ ಇಲ್ಲ. ಹಾಗಾಗಿ 250 ವೋಲ್ಟ್ ತಡೆಯುವ ಗಟ್ಟಿ ಸ್ವಿಚ್ ಕೂಡ ಇಲ್ಲಿ ಕೈಕೊಡುತ್ತದೆ. ಕಡಿಮೆ ಕರೆಂಟಿಗೆ ಚಿನ್ನದ ಲೇಪನದ ಸ್ವಿಚ್ ಒಳ್ಳೆಯದು. ಹಳೆಯ ಲೀಫ್ ಸ್ವಿಚ್‌ಗೆ ಇನ್ನೊಂದು ಗುಣವಿದೆ: ಮುಟ್ಟುವಾಗ ಚುಕ್ಕೆಗಳು ಸ್ವಲ್ಪ ಉಜ್ಜಿಕೊಳ್ಳುವುದರಿಂದ ತಮ್ಮನ್ನು ತಾವೇ ಒರೆಸಿಕೊಳ್ಳುತ್ತವೆ. ಕೊಳೆ ಕೂತಿದ್ದರೆ ನಡುವೆ ದಪ್ಪ ಕಾಗದ ಇಟ್ಟು ಎಳೆದರೆ ಸಾಕು. ಮರಳುಕಾಗದ, ಅರ ಮುಟ್ಟಿಸಲೇಬೇಡಿ, ಲೇಪನ ಹೋಗಿಬಿಡುತ್ತದೆ.

ಗೆಳೆಯರ ಮೆಷಿನ್‌ಗೆ ಬೇಕಾಗಿದ್ದು ಒಂದು ಆಕ್ಚುಯೇಟರ್, ಎರಡು ಸ್ವಿಚ್ ಅಷ್ಟೇ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಸ್ವಿಚ್ ಕೊಳ್ಳುವಾಗ ವೈರ್ ಸಿಕ್ಕಿಸುವ ಕಾಲಿನ ಅಗಲ 4.8 ಮಿ.ಮೀ. ಇದೆಯೋ 6.3 ಮಿ.ಮೀ. ಇದೆಯೋ ನೋಡಿ ತನ್ನಿ. ಸ್ಟಿಕ್ಕೇ ಬೇರೆ ಹಾಕಬೇಕಾದರೆ, ಪ್ಯಾಕ್‌ಮ್ಯಾನ್‌ಗೆ ನಾಲ್ಕೇ ದಿಕ್ಕಿನದ್ದು ಇರಲಿ. ಎಂಟು ದಿಕ್ಕಿನದ್ದರಲ್ಲಿ ಓರೆಗೆ ಹೋದಾಗ ಎರಡು ಸ್ವಿಚ್ ಒಟ್ಟಿಗೆ ಒತ್ತಿ ತಿರುವು ತಪ್ಪುತ್ತದೆ.

ಬಿಚ್ಚುವ ಮೊದಲು ಪ್ಲಗ್ ಕೀಳಿ. ಆಮೇಲೂ ಒಳಗಿನ ಹಳೆಯ ಪಿಕ್ಚರ್ ಟ್ಯೂಬಿನ ಹತ್ತಿರ ಕೈ ಹಾಕಬೇಡಿ, ಸಾವಿರಾರು ವೋಲ್ಟ್ ಅದರಲ್ಲಿ ಉಳಿದಿರಬಹುದು. ಕಡ್ಡಿಯನ್ನು ಹಿಡಿದಿಡುವ ಪುಟ್ಟ ಇ-ಕ್ಲಿಪ್ ತೆಗೆಯುವಾಗ ಮೇಲೆ ಬಟ್ಟೆ ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಸಿಡಿದು ಎಲ್ಲೋ ಸೇರುತ್ತದೆ. ಪಿವಟ್‌ಗೆ ಸಿಲಿಕೋನ್ ಗ್ರೀಸ್ ಒಂದು ತೆಳು ಪದರ ಸಾಕು, ಸ್ವಿಚ್ಚಿಗೆ ತಾಗಬಾರದು. ಜೋಡಿಸಿದ ಮೇಲೆ ಬೋರ್ಡಿಗೆ ವೈರ್ ಸಿಕ್ಕಿಸುವ ಮೊದಲು ಪ್ರತಿ ಸ್ವಿಚ್ಚಿಗೆ ಮಲ್ಟಿಮೀಟರ್ (ಕರೆಂಟಿನ ದಾರಿ ಕೂಡಿದಾಗ ಬೀಪ್ ಅನ್ನುವ ಅಳತೆಯ ಉಪಕರಣ) ಹಿಡಿದು, ಹಿಡಿಯನ್ನು ನಿಧಾನವಾಗಿ ತಳ್ಳಿ. ನಾಲ್ಕೂ ಕಡೆ ಒಂದೇ ದೂರಕ್ಕೆ ಬೀಪ್ ಬರಬೇಕು. ಒಂದು ಕಡೆ ಮಾತ್ರ ತಡವಾದರೆ ಸ್ವಿಚ್ ಕೂತಿರುವ ಸ್ಕ್ರೂ ಸಡಿಲವಾಗಿದೆಯೇ ಅಂತ ಮೊದಲು ನೋಡಿ.