ರ‍್ಯಾಂಪಿಗೆ ಜಾಗ ಮೊದಲೇ ಬಿಡಿ

ಹೋದ ಬೇಸಿಗೆಯಲ್ಲಿ ರಾಯಚೂರಿನ ಹೊರಗೆ ಒಂದು ವಸತಿ ಬಡಾವಣೆ ನೋಡಲು ಹೋಗಿದ್ದೆ. ನೆಲಮಹಡಿಯ ಒಂದು ಮನೆ ನಡೆಯಲಾಗದ ಹಿರಿಯರೊಬ್ಬರಿಗೆ ಸಿಕ್ಕಿತ್ತು. ಬಾಗಿಲ ಮುಂದೆ ರ‍್ಯಾಂಪ್ ಏನೋ ಇತ್ತು. ಆದರೆ ಮೊಮ್ಮಗ ಗಾಲಿಕುರ್ಚಿಗೆ ಎದೆ ಕೊಟ್ಟು ತಳ್ಳುತ್ತಿದ್ದ. "ಹತ್ತಿಸೋದು ಹ್ಯಾಂಗೋ ಆಗ್ತದ್ರಿ ಸರ್, ಇಳಿಸುವಾಗ ಜೀವ ಕೈಯಾಗ ಹಿಡ್ಕೊಂಡಿರ್ತೀವಿ" ಅಂದ.

ಟೇಪ್ ಹಿಡಿದು ಅಳೆದೆ. ಎರಡು ಅಡಿ ಎತ್ತರಕ್ಕೆ ಎಂಟೇ ಅಡಿ ಉದ್ದದ ಇಳಿಜಾರು! ನಿಯಮ ಇರುವುದು 1:12. ಒಂದು ಅಡಿ ಏರಬೇಕಾದರೆ 12 ಅಡಿ ಉದ್ದ ಬೇಕು. ಇಲ್ಲಿಗೆ 24 ಅಡಿ ಆಯಿತು. 20x30 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಅಷ್ಟು ಜಾಗ ಎಲ್ಲಿಂದ ತರೋದು?

ನಮ್ಮದು ಎರೆ ಮಣ್ಣಿನ ಸೀಮೆ. ಮಳೆ ಬಂದರೆ ನೀರು ಬೇಗ ಇಂಗುವುದಿಲ್ಲ. ಪ್ಲಿಂತ್, ಅಂದರೆ ಮನೆ ನಿಲ್ಲುವ ನೆಲಗಟ್ಟು, ಎತ್ತರ ಇರಲೇಬೇಕು, ಅದನ್ನು ತಗ್ಗಿಸಿ ಅಂತ ನಾನು ಹೇಳುವುದಿಲ್ಲ. ಅದರ ಬದಲು ಓಣಿಯನ್ನೇ ಏರಿಸಿ. ಲೇಔಟ್ ಹಾಕುವಾಗಲೇ ಗರಸು ತುಂಬಿ, ನಾಲ್ಕೈದು ಮನೆಗಳ ಮುಂದಿನ ದಾರಿ ಮೆಲ್ಲಗೆ ಏರುತ್ತಾ ಹೊಸ್ತಿಲ ಮಟ್ಟಕ್ಕೆ ಬರುವಂತೆ ಮಾಡಿ. ಬಾಣಂತಿ, ನೀರಿನ ಕೊಡ ಹೊತ್ತವರು, ಮಂಡಿನೋವಿನ ಅಜ್ಜಿ, ಎಲ್ಲರಿಗೂ ಅದೇ ದಾರಿ ಆಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ವಸತಿ ಯೋಜನೆಗಳಲ್ಲಿ ಶೇ 5ರಷ್ಟು ವಿಕಲಚೇತನರಿಗೆ ಮೀಸಲು. ನೂರು ಮನೆಯಲ್ಲಿ ಐದು ಅಂತ ಮೊದಲೇ ಗೊತ್ತಿರುವಾಗ, ನಕ್ಷೆಯಲ್ಲೇ ಆ ಐದು ಮನೆ ಗುರುತಿಸಲು ಏನು ಕಷ್ಟ?

ರ‍್ಯಾಂಪಿನ ಪಕ್ಕದ ಕೈಹಿಡಿಗೆ ಬರಿ ಕಬ್ಬಿಣ ಹಾಕಬೇಡಿ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಅದು ಮುಟ್ಟಿದರೆ ಕೈ ಸುಡುತ್ತದೆ. ಮೇಲೊಂದು ನೆರಳಿನ ಶೀಟ್ ಬೇಕು, ಇಲ್ಲವೇ ಮರದ ಹಿಡಿ.

ಇನ್ನು ಬಚ್ಚಲು. ನನಗೆ ಜಾಸ್ತಿ ಸಂಕಟ ಆಗಿದ್ದು ಅಲ್ಲೇ. ಎರಡೂವರೆ ಅಡಿ ಬಾಗಿಲು. ಚೌಕಟ್ಟು, ಕದ ಕಳೆದರೆ ಗಾಲಿಕುರ್ಚಿ ಒಳಗೆ ಹೋಗುವುದಿಲ್ಲ. ಮನೆಯವರು ಕದ ಕಿತ್ತು ಗೋಡೆಗೆ ಒರಗಿಸಿದ್ದರು. ಅದರ ಜಾಗದಲ್ಲಿ ಹಳೇ ಸೀರೆ ಇಳಿಬಿಟ್ಟಿತ್ತು. ಮನೆ ತುಂಬ ಸೊಸೆ, ಮೊಮ್ಮಕ್ಕಳು. ಎಪ್ಪತ್ತು ದಾಟಿದ ಮನುಷ್ಯ ಒಂದು ಸೀರೆಯ ಮರೆಯಲ್ಲಿ ಸ್ನಾನ ಮಾಡಬೇಕು. ಅವರು ನನ್ನ ಮುಖ ನೋಡದೆ, "ನಡೀತದ ಬಿಡ್ರಿ" ಅಂದರು.

ನಡೆಯಬಾರದು. ಈಗ ನನ್ನ ಕೈಗೆ ಬರುವ ಪ್ರತಿ ನಕ್ಷೆಯಲ್ಲೂ ಬಚ್ಚಲಿಗೆ ಮೂರು ಅಡಿ ತೆರವು ಇರುವ ಬಾಗಿಲು ಬರೆಯುತ್ತೇನೆ. ಅದು ಹೊರಗೆ ತೆರೆಯಬೇಕು. ಒಳಗೆ ಯಾರಾದರೂ ಜಾರಿ ಬಿದ್ದು ಬಾಗಿಲಿಗೆ ಅಡ್ಡ ಆದರೆ, ಒಳಗೆ ತೆರೆಯುವ ಕದ ತಳ್ಳಲು ಬರುವುದಿಲ್ಲ, ಅಲ್ವಾ?